ಆಟ ಮತ್ತು ಅಂಕೆ: ಕಲೆಯ ಮೇಲೆ ಲೋಕಹಿತದ ಹಕ್ಕು

ಲೋಕಹಿತಕ್ಕಾಗಿ ಕಲೆಯನ್ನು ತಡೆಯಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಗ್ರಂಥವನ್ನೋ ಚಲನಚಿತ್ರವನ್ನೋ ಮುಂದಿಟ್ಟುಕೊಂಡು ಮಾತನಾಡುತ್ತಾರೆ. ಅವೆರಡೂ ಸಿದ್ಧಗೊಂಡ ವಸ್ತುಗಳಾದ್ದರಿಂದ ಅಧಿಕಾರಿಯ ಮೇಜಿನ ಮೇಲೆ ಇಡಬಹುದು, ಬೇಡವಾದ ಪುಟವನ್ನು ಕಿತ್ತು, ಬೇಡವಾದ ದೃಶ್ಯವನ್ನು ಕತ್ತರಿಸಿ ಮರಳಿಸಬಹುದು. ಭಟ್ಕಳದಿಂದ ಹೊರಟು ಹೊನ್ನಾವರ, ಹಳದೀಪುರಗಳನ್ನು ಹಾದು ಕುಮಟೆಯವರೆಗೆ ಚಾಚಿದ ಕರಾವಳಿಯಲ್ಲಿ ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯ ಕಲೆಯ ಎದುರಿನಲ್ಲಿ ಕೇಳಬೇಕಾಗುತ್ತದೆ, ಮತ್ತು ಆಗ ಪ್ರಶ್ನೆಯ ಸ್ವರೂಪವೇ ಸ್ವಲ್ಪ ಬದಲಾಗುತ್ತದೆ. ಊರವರು ಬರೀ 'ಆಟ' ಎಂದು ಕರೆಯುವ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಯಕ್ಷಗಾನ ಆಡಿ ಮುಗಿಯುವ ತನಕ ಪೂರ್ಣ ರೂಪದಲ್ಲಿ ಎಲ್ಲಿಯೂ ಇರುವುದಿಲ್ಲ. ಪ್ರಸಂಗವೆಂಬ ಪುಸ್ತಕದಲ್ಲಿರುವುದು ಹಾಡುಗಳು ಮಾತ್ರ. ಭಾಗವತ, ಅಂದರೆ ಹಾಡುಗಾರನೂ ನಿರ್ದೇಶಕನೂ ಆದವನು, ಒಂದು ಪದ್ಯವನ್ನು ಹಾಡಿ ನಿಲ್ಲಿಸಿದ ಮೇಲೆ ವೇಷಧಾರಿಯು ಅದರ ಹುರುಳನ್ನು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಬೆಳೆಸುತ್ತಾನೆ. ಇದಕ್ಕೆ 'ಅರ್ಥ' ಎಂದು ಹೆಸರು. ನಾಳೆ ಅದೇ ಪದ್ಯಕ್ಕೆ ಅದೇ ಕಲಾವಿದ ಹೇಳುವ ಅರ್ಥ ಬೇರೆಯಾಗಿರಬಹುದು, ಎದುರು ವೇಷ ಬದಲಾದರಂತೂ ಬೇರೆಯಾಗಿಯೇ ಇರುತ್ತದೆ. ಮುಂಚಿತವಾಗಿ ತರಿಸಿಕೊಂಡು ಪರಿಶೀಲಿಸಲು ಇಲ್ಲಿ ಹಸ್ತಪ್ರತಿಯೇ ಇಲ್ಲ.

ಸೆನ್ಸಾರ್ ಎಂಬ ರೂಢಿಯ ಮಾತಿನೊಳಗೆ ಎರಡು ಪ್ರತ್ಯೇಕ ಕ್ರಿಯೆಗಳು ಸೇರಿಕೊಂಡಿರುವುದನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕೃತಿಯು ಜನರನ್ನು ತಲುಪುವ ಮೊದಲೇ ಅದನ್ನು ನೋಡಿ ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಪೂರ್ವನಿಯಂತ್ರಣ; ಕೃತಿ ಜನರೆದುರು ಬಂದ ಮೇಲೆ ಅದರಿಂದ ಯಾರಿಗಾದರೂ ಅನ್ಯಾಯವಾಗಿದ್ದರೆ ಕರ್ತೃವನ್ನು ಹೊಣೆಗಾರನನ್ನಾಗಿ ಮಾಡುವುದು ಅನಂತರದ ವಿಚಾರಣೆ. ಮೊದಲನೆಯದರಲ್ಲಿ ನಿರ್ಣಯ ಮಾಡುವವನಿಗೆ ಸಿಗುವುದು ತನ್ನ ಊಹೆಯ ಪ್ರೇಕ್ಷಕ, ಎರಡನೆಯದರಲ್ಲಿ ನಿಜವಾಗಿ ನೊಂದವನು. ಲೋಕಹಿತ ಎಂಬುದಕ್ಕೂ ಇಂಥದೇ ಇಬ್ಬಗೆಯಿದೆ: ಗಲಭೆ ಆಗದಿರಲಿ, ಯಾರ ಮೈಮೇಲೂ ಕೈ ಬೀಳದಿರಲಿ ಎಂಬ ಕಾಳಜಿ ಒಂದು; ಜನರ ಮನಸ್ಸು ಕೆಡದಿರಲಿ, ಶ್ರದ್ಧೆ ಅಲುಗದಿರಲಿ ಎಂಬ ಕಾಳಜಿ ಮತ್ತೊಂದು. ಕಾಯ್ದೆಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿವೆ, ಮತ್ತು ಗೊಂದಲದ ಬಹುಪಾಲು ಹುಟ್ಟಿದ್ದು ಅಲ್ಲಿಯೇ.

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹದಿನಾಲ್ಕು ವರ್ಷಗಳ ಬಳಿಕ, 1876ರಲ್ಲಿ, ಬಂಗಾಳದ ರಂಗಭೂಮಿಯ ವಿಡಂಬನೆಗಳಿಂದ ಕೆರಳಿದ ಬ್ರಿಟಿಷ್ ಸರ್ಕಾರ ನಾಟಕ ಪ್ರದರ್ಶನ ಕಾಯ್ದೆಯನ್ನು ತಂದಿತು. ಮಾನಹಾನಿಕರವಾದ, ಸರ್ಕಾರದ ವಿರುದ್ಧ ಅಪ್ರೀತಿ ಹುಟ್ಟಿಸಬಹುದಾದ, ಅಥವಾ ನೋಡುವವರ ನಡತೆಯನ್ನು ಕೆಡಿಸಬಹುದಾದ ಯಾವುದೇ ನಾಟಕವನ್ನು ನಿಲ್ಲಿಸುವ ಅಧಿಕಾರ ಅದರಿಂದ ಸರ್ಕಾರಕ್ಕೆ ದೊರೆಯಿತು. ಮುಂಬಯಿ ಪ್ರಾಂತದಲ್ಲಿ ಈ ಕಾಯ್ದೆಯ ಅತ್ಯಂತ ಹೆಸರಾದ ಬಲಿ ಕೃಷ್ಣಾಜಿ ಪ್ರಭಾಕರ ಖಾಡಿಲಕರರ ಮರಾಠಿ ನಾಟಕ 'ಕೀಚಕವಧ'. ಅದು ರಂಗಕ್ಕೆ ಬಂದದ್ದು 1907ರಲ್ಲಿ, ನಿಷೇಧಕ್ಕೆ ಒಳಗಾದದ್ದು 1910ರಲ್ಲಿ. ತಿಲಕರ 'ಕೇಸರಿ' ಪತ್ರಿಕೆಯ ಬಳಗಕ್ಕೆ ಸೇರಿದ್ದ ಖಾಡಿಲಕರರು ಮಹಾಭಾರತದ ಕಥೆಯನ್ನು ಎಲ್ಲಿಯೂ ಮುರಿಯಲಿಲ್ಲ. ಆದರೂ ಕೀಚಕನಲ್ಲಿ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್‌ನನ್ನೂ ಸೈರಂಧ್ರಿ ಎಂದು ಹೆಸರು ಮರೆಸಿಕೊಂಡ ದ್ರೌಪದಿಯಲ್ಲಿ ನೊಂದ ದೇಶವನ್ನೂ ತಾಳ್ಮೆಯ ಧರ್ಮರಾಜನಲ್ಲಿ ಮಂದಗಾಮಿಗಳನ್ನೂ ಭೀಮನಲ್ಲಿ ಉಗ್ರಗಾಮಿಗಳನ್ನೂ ಕಾಣಲು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಕಾಯ್ದೆಯ ಹನ್ನೆರಡನೆಯ ಕಲಮು ಹೆಚ್ಚು ಜನರ ಕಣ್ಣಿಗೆ ಬೀಳುವುದಿಲ್ಲ. 'ಜಾತ್ರಾ' ಎಂಬ ಆಟಗಳಿಗೂ ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಅಂಥ ಪ್ರದರ್ಶನಗಳಿಗೂ ಈ ಕಾಯ್ದೆ ಅನ್ವಯಿಸದು ಎಂದು ಅದು ಹೇಳುತ್ತದೆ. ಎಂದರೆ ಪುಣೆಯ ನಾಟಕಗೃಹದಲ್ಲಿ ಟಿಕೆಟು ಕೊಂಡು ನೋಡುವ ಕೀಚಕನ ಸಾವು ರಾಜದ್ರೋಹವಾಗಬಹುದಾಗಿದ್ದ ದಿನಗಳಲ್ಲಿ, ಅದೇ ಪ್ರಾಂತದ ದಕ್ಷಿಣದ ಅಂಚಿನಲ್ಲಿ ದೇವರ ಉತ್ಸವಕ್ಕೆಂದು ಬಯಲಲ್ಲಿ ಕಟ್ಟಿದ ರಂಗಸ್ಥಳದಲ್ಲಿ ಭೀಮನು ಕೀಚಕನನ್ನು ಕೊಂದರೆ ಕಾಯ್ದೆಗೆ ಅದರಿಂದ ಯಾವ ಬಾಧೆಯೂ ಇರಲಿಲ್ಲ. ಭಕ್ತಿಯು ನಿರುಪದ್ರವಿ ಎಂದು ಸಾಮ್ರಾಜ್ಯ ತಿಳಿದಿತ್ತೋ, ಅಥವಾ ದೇವಸ್ಥಾನದ ಅಂಗಳಕ್ಕೆ ಕೈಹಾಕುವುದು ಅಪಾಯವೆಂದು 1857ರ ದಂಗೆಯ ನಂತರದ ಜಾಣತನ ಅದಕ್ಕೆ ಕಲಿಸಿತ್ತೋ, ಎರಡೂ ಇದ್ದೀತು. ಈ ರಿಯಾಯಿತಿಯೇ ನಿಷೇಧದ ತರ್ಕವನ್ನು ಹೊರಗೆ ಹಾಕುತ್ತದೆ. ಕಥೆ ಒಂದೇ, ವಧೆಯೂ ಒಂದೇ. ಸರ್ಕಾರ ಹೆದರಿದ್ದು ಕಥೆಯನ್ನು ಕೇಳುವ ಜನ ಯಾರು, ಯಾವ ಮನಃಸ್ಥಿತಿಯಲ್ಲಿ ಕುಳಿತಿದ್ದಾರೆ ಎಂಬುದಕ್ಕೆ. ಹಾಗಿದ್ದಮೇಲೆ ಕೃತಿಯ ದೋಷವೆಂದು ಹೇಳಿದ್ದು ವಾಸ್ತವದಲ್ಲಿ ಪ್ರೇಕ್ಷಕರ ಮೇಲಿನ ಅಪನಂಬಿಕೆ.

ಕೀಚಕನ ಕಥೆ ಹೊನ್ನಾವರದ ಸೀಮೆಯಲ್ಲಿ ಎಷ್ಟು ಒಗ್ಗಿಹೋಗಿದೆಯೆಂದರೆ, 2012ರಲ್ಲಿ ಪದ್ಮಶ್ರೀ ಪಡೆದ, ಇದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಹೆಸರು ಹೇಳಿದರೆ ಭಸ್ಮಾಸುರನ ಜೊತೆಗೆ ಜನರಿಗೆ ನೆನಪಾಗುವುದು ಅವರ ಕೀಚಕ. ಈ ವೇಷದ ಬಲವಿರುವುದು ಖಳನನ್ನು ಮೊದಲಿಗೇ ಖಳನಾಗಿ ತೋರಿಸದಿರುವುದರಲ್ಲಿ. ಸೈರಂಧ್ರಿಯನ್ನು ಕಂಡ ಕೀಚಕ ಶೃಂಗಾರದ ಪದ್ಯಕ್ಕೆ ಕುಣಿಯುತ್ತಾನೆ. ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಟ್ಟಂತೆ ಕಣ್ಣು, ಕೊರಳು, ಬೆರಳುಗಳಲ್ಲಿ ಹಂಬಲ ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಪ್ರೇಕ್ಷಕರು ತಮಗರಿವಿಲ್ಲದೆ ಅವನ ಕುಣಿತಕ್ಕೆ ತಲೆದೂಗುತ್ತಾರೆ. ಅದಾದ ಬಳಿಕ, ತುಂಬಿದ ಸಭೆಯಲ್ಲಿ, ಅರಸ ನೋಡುತ್ತಿರುವಾಗಲೇ, ಅದೇ ಕೀಚಕ ಅದೇ ಹೆಣ್ಣನ್ನು ಕಾಲಿನಿಂದ ಒದೆಯುತ್ತಾನೆ. ಆಗ ರಂಗದ ಕೆಳಗೆ ಕುಳಿತವರಿಗೆ ಆಗುವ ಇರಿಸುಮುರಿಸಿನಲ್ಲಿ ತಾವು ಸ್ವಲ್ಪ ಹೊತ್ತಿನ ಹಿಂದೆ ಮೆಚ್ಚಿದ್ದು ಯಾರನ್ನು ಎಂಬ ಅರಿವೂ ಸೇರಿರುತ್ತದೆ. ಸ್ತ್ರೀಯ ಮಾನಕ್ಕೆ ಕುಂದೆಂದು ಒದೆತವನ್ನು ತೆಗೆದರೆ ಭೀಮನ ಕೋಪಕ್ಕೆ ನೆಲೆಯಿಲ್ಲ. ಅಶ್ಲೀಲವೆಂದು ಶೃಂಗಾರವನ್ನು ತೆಗೆದರೆ ಪ್ರೇಕ್ಷಕನ ಆತ್ಮಪರೀಕ್ಷೆಗೆ ನೆಲೆಯಿಲ್ಲ. ಕತ್ತರಿಗೆ ಮೊದಲು ಸಿಗುವ ಭಾಗಗಳೇ ಈ ಆಟದ ನೈತಿಕತೆಯನ್ನು ಹೊತ್ತು ನಿಂತ ಭಾಗಗಳು.

ಭಾರತೀಯ ಚಿಂತನೆಯಲ್ಲಿ ಈ ಜಗಳ ನಾಟಕದ ಜನ್ಮದೊಂದಿಗೇ ಹುಟ್ಟಿದ್ದು. ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದ ಪ್ರಕಾರ, ಇಂದ್ರಧ್ವಜದ ಹಬ್ಬದಲ್ಲಿ ಆಡಿದ ಮೊದಲ ಪ್ರಯೋಗದ ವಸ್ತು ದೇವತೆಗಳಿಂದ ಅಸುರರ ಸೋಲು. ಸಭೆಯಲ್ಲಿದ್ದ ಅಸುರರು ಕೆರಳಿದರು. ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ವಿಘ್ನಗಳೆಂಬ ಗಣ ಅದೃಶ್ಯವಾಗಿ ನುಗ್ಗಿ ನಟರ ಮಾತು, ಚಲನೆ, ನೆನಪುಗಳನ್ನು ಸ್ತಂಭನಗೊಳಿಸಿತು. ಇಂದ್ರ ಧ್ವಜದಂಡವನ್ನೆತ್ತಿ ಅವರನ್ನು ಬಡಿದ. ಆ ದಂಡಕ್ಕೆ ಜರ್ಜರವೆಂದು ಹೆಸರಾಗಿ, ರಂಗದ ರಕ್ಷಣೆಯ ಕುರುಹಾಗಿ ಉಳಿಯಿತು. ಆಮೇಲೆ ವಿಶ್ವಕರ್ಮ ನಾಟ್ಯಗೃಹ ಕಟ್ಟಿದ, ಅದರ ಒಂದೊಂದು ಭಾಗಕ್ಕೆ ಒಬ್ಬೊಬ್ಬ ದೇವತೆ ಕಾವಲಾದ. ಇಷ್ಟೆಲ್ಲ ಆದಮೇಲೆ ಬ್ರಹ್ಮ ವಿರೂಪಾಕ್ಷನನ್ನು ಕರೆದು ಕಾರಣ ಕೇಳುತ್ತಾನೆ. ದೇವತೆಗಳಂತೆ ನಾವೂ ನಿನ್ನಿಂದಲೇ ಹುಟ್ಟಿದವರು, ಅವರ ಇಚ್ಛೆಗೆ ನೀನು ಕಟ್ಟಿದ ಈ ವಿದ್ಯೆ ನಮ್ಮನ್ನು ಹೀನವಾಗಿ ಕಾಣಿಸುತ್ತದೆ ಎಂಬುದು ವಿರೂಪಾಕ್ಷನ ದೂರು. ನಾಟ್ಯ ದೇವತೆಗಳದಷ್ಟೇ ಕಥೆಯಲ್ಲ, ಮೂರು ಲೋಕದ ಭಾವಗಳ ನಿರೂಪಣೆ, ಅದರಲ್ಲಿ ನಿಮ್ಮ ಶುಭಾಶುಭಗಳಿಗೂ ಎಡೆಯಿದೆ ಎಂಬುದು ಬ್ರಹ್ಮನ ಸಮಾಧಾನ.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಘಟನೆಗಳು ಬಂದ ಕ್ರಮ. ಮೊದಲು ರಂಗಕ್ಕೆ ರಕ್ಷಣೆ, ನಂತರ ದೂರಿಗೆ ಕಿವಿ. ಅಸುರರ ಮಾತಿನಲ್ಲಿ ನ್ಯಾಯವಿಲ್ಲವೆಂದು ಶಾಸ್ತ್ರ ಹೇಳುವುದಿಲ್ಲ. ಗೆದ್ದವರ ದೃಷ್ಟಿಯಿಂದಲೇ ಕಟ್ಟಿದ ಕಲೆ ಸೋತವರಿಗೆ ಅವಮಾನವಾಗಿ ಕಾಣುವುದು ಸಹಜ, ಅದನ್ನು ಸೃಷ್ಟಿಕರ್ತನೇ ಎದುರು ಕೂತು ಕೇಳಬೇಕಾದ ದೂರು. ಆದರೆ ನಟನ ನಾಲಿಗೆಯನ್ನು ಕಟ್ಟಿದ ಸ್ಥಿತಿಯಲ್ಲಿ ಆ ಮಾತುಕತೆ ನಡೆಯಲಿಲ್ಲ, ನಾಲಿಗೆ ಬಿಡಿಸಿ ಗೋಡೆ ಕಟ್ಟಿದ ಮೇಲೆ ನಡೆಯಿತು. ಇಂದಿನ ಸರ್ಕಾರಗಳು ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ಪ್ರದರ್ಶನ ನಿಲ್ಲಿಸಿ ಆಮೇಲೆ ಶಾಂತಿಸಭೆ ಕರೆಯುತ್ತವೆ. (ವಿರೂಪಾಕ್ಷನ ದೂರಿಗೆ ಈ ನೆಲದ ಜನ ತಮ್ಮದೇ ರೀತಿಯಲ್ಲಿ ಪರಿಹಾರ ಕಂಡುಕೊಂಡಿದ್ದಾರೆನ್ನಬೇಕು: ದೀಪಾವಳಿಯಲ್ಲಿ ಉತ್ತರ ಕನ್ನಡದ ಮನೆಗಳಲ್ಲಿ ಪೂಜೆಗೊಳ್ಳುವ ಬಲೀಂದ್ರ ಅಸುರನೇ.)

ಅದೇ ನಾಟ್ಯಶಾಸ್ತ್ರದ ಕೊನೆಯ ಭಾಗ ಅಷ್ಟು ಹಿತಕರವಲ್ಲ. ವಿದ್ಯೆಯ ಮದದಿಂದ ಭರತಪುತ್ರರು ಋಷಿಗಳನ್ನು ಗ್ರಾಮ್ಯವಾಗಿ ಅಣಕಿಸಿ ಪ್ರಹಸನ ಆಡಿದಾಗ ಋಷಿಗಳು ಸಿಟ್ಟಿಗೆದ್ದು, ನೀವು ಶೂದ್ರರಾಗಿ ಎಂದು ಶಪಿಸುತ್ತಾರೆ. ದೇವತೆಗಳು ಬೇಡಿಕೊಂಡಾಗ ನಾಟ್ಯ ಅಳಿಯದು, ಶಾಪದ ಉಳಿದ ಭಾಗ ಮಾತ್ರ ನಿಲ್ಲುವುದು ಎಂಬ ರಿಯಾಯಿತಿ ಸಿಗುತ್ತದೆ. ಕಲೆಯನ್ನು ಉಳಿಸಿ ಕಲಾವಿದನನ್ನು ಶಿಕ್ಷಿಸಿದ ಈ ತೀರ್ಪನ್ನು ಉದಾರವೆಂದು ಕೊಂಡಾಡುವವರಿದ್ದಾರೆ. ಶಿಕ್ಷೆಯೆಂದು ಕೊಟ್ಟದ್ದು ಜಾತಿಯ ಇಳಿಕೆ ಎಂಬುದನ್ನು ಅವರು ದಾಟಿಹೋಗುತ್ತಾರೆ. ಅಣಕಿಸಿಕೊಂಡವರೇ ನ್ಯಾಯಾಧೀಶರಾದಾಗ, ಮೇಲ್ಮನವಿ ಕೇಳಲು ಯಾರೂ ಇಲ್ಲದಾಗ, ಮಾತಿನ ತಪ್ಪಿಗೆ ತಲೆತಲಾಂತರದ ಬದುಕೇ ದಂಡವಾಗುತ್ತದೆ; ನಟವರ್ಗವನ್ನು ಶತಮಾನಗಳ ಕಾಲ ಕೀಳಾಗಿ ಕಂಡ ಸಮಾಜಕ್ಕೆ ಈ ಕಥೆ ಒಂದು ಸಮರ್ಥನೆಯಾಗಿಯೂ ಒದಗಿದ್ದಿರಬೇಕು. ಪರಂಪರೆಯಲ್ಲಿ ಸೆನ್ಸಾರ್ ಇರಲೇ ಇಲ್ಲವೆಂಬ ಹೆಮ್ಮೆಯ ಮಾತು ಈ ಅಧ್ಯಾಯದ ಎದುರು ನಿಲ್ಲಲಾರದು.

ಯವನ ದೇಶದ ಪ್ಲೇಟೋ ತನ್ನ 'ಗಣರಾಜ್ಯ'ದ ಮೂರನೆಯ ಪುಸ್ತಕದಲ್ಲಿ ಹೋಮರನಿಂದ ಯಾವ ಯಾವ ಭಾಗ ಅಳಿಸಬೇಕೆಂದು ಪಟ್ಟಿ ಮಾಡಿ, ಹತ್ತನೆಯದರಲ್ಲಿ ಕವಿಗಳನ್ನೇ ಊರಿನಿಂದ ಹೊರಗಿಟ್ಟ. ಅಳಿಸಬೇಕಾದ ಸಾಲುಗಳನ್ನು ಎತ್ತಿ ಹೇಳದೆ ಅಳಿಸುವಂತಿರಲಿಲ್ಲವಾದ್ದರಿಂದ ಆ ಸಾಲುಗಳೆಲ್ಲ ಅವನ ಪುಸ್ತಕದಲ್ಲಿಯೇ ಭದ್ರವಾಗಿ ಕುಳಿತಿವೆ! ನಿಷೇಧಿಸುವವನು ಓದಿಯೂ ಕೆಡುವುದಿಲ್ಲ, ಉಳಿದವರು ಓದಿದರೆ ಕೆಡುತ್ತಾರೆ ಎಂಬ ಊಹೆ ಇಲ್ಲದೆ ಪೂರ್ವನಿಯಂತ್ರಣ ಒಂದು ಹೆಜ್ಜೆಯೂ ಮುಂದಿಡಲಾರದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನ ದಾರಿ ಬೇರೆ. ರಸಭಂಗಕ್ಕೆ ಅನೌಚಿತ್ಯವೇ, ಎಂದರೆ ಸಂದರ್ಭಕ್ಕೆ ತಕ್ಕುದಲ್ಲದ್ದೇ, ಕಾರಣವೆಂದು ಸಾರಿದ ಆತನಿಗೆ ಕಾಳಿದಾಸನ ಕುಮಾರಸಂಭವದ ಶಿವಪಾರ್ವತಿಯರ ಸಂಭೋಗ ವರ್ಣನೆ ತೊಡಕಾಗಿ ಕಂಡಿತು. ಜಗತ್ತಿನ ತಾಯಿತಂದೆಯರ ವಿಷಯದಲ್ಲಿ ಅದು ಅನುಚಿತವೆಂದು ಒಪ್ಪಿಕೊಂಡೇ, ಕವಿಯ ಪ್ರತಿಭೆ ಆ ದೋಷವನ್ನು ಮರೆಸಿಬಿಟ್ಟಿದೆ ಎಂದು ಬರೆದ. ದೋಷ ಹೇಳಿದ, ಕಾರಣ ಕೊಟ್ಟ, ಗ್ರಂಥವನ್ನು ಮುಟ್ಟಲಿಲ್ಲ. ವಿಮರ್ಶಕನಿಗೂ ಸೆನ್ಸಾರಿಗೂ ಇರುವ ದೂರ ಇಷ್ಟೇ, ಆದರೆ ಇದು ಸಣ್ಣ ದೂರವಲ್ಲ.

ಆಟದೊಳಗೆ ಔಚಿತ್ಯವನ್ನು ಕಾಯುವ ಕೈ ಭಾಗವತರದು. ರಂಗಸ್ಥಳದ ಹಿಂಬದಿಯಲ್ಲಿ, ಮದ್ದಳೆಯವರ ಪಕ್ಕದಲ್ಲಿ, ತಾಳ ಹಿಡಿದು ಕುಳಿತ ಅವರ ಬೆನ್ನಿಗೆ ಯಾವ ಇಲಾಖೆಯೂ ಇಲ್ಲ. ವೇಷಧಾರಿಯ ಅರ್ಥ ಹಳಿ ತಪ್ಪುತ್ತಿದೆ, ಕಥೆಯಿಂದ ಆಚೆ ಹೋಗಿ ಊರ ಯಾರನ್ನೋ ಚುಚ್ಚುತ್ತಿದೆ, ಹಾಸ್ಯ ಸಡಿಲಾಗುತ್ತಿದೆ ಎಂದೆನಿಸಿದರೆ ಅವರು ತಾಳವನ್ನು ಒಮ್ಮೆ ತಟ್ಟುತ್ತಾರೆ. ವೇಷ ಅರ್ಥಮಾಡಿಕೊಂಡು ಮಾತು ಮಡಿಸಿದರೆ ಸರಿ. ಇಲ್ಲವಾದರೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಮದ್ದಳೆ ಏರುತ್ತದೆ, ಹಾಡಿನ ಮೇಲೆ ಮಾತಾಡಲು ಯಾವ ವೇಷಕ್ಕೂ ಬರುವುದಿಲ್ಲ. ಇದು ನಿಸ್ಸಂದೇಹವಾಗಿ ತಡೆ. ಆದರೆ ತಡೆದವರು ಯಾರೆಂದು ಇಡೀ ಸಭೆಗೆ ಕಾಣುತ್ತದೆ; ತಪ್ಪಾಗಿ ತಡೆದರೆ ಮರುದಿನ ಚಹದಂಗಡಿಯಲ್ಲಿ ಭಾಗವತರಿಗೇ ಮಾತು ಬೀಳುತ್ತದೆ; ಮತ್ತು ಚೌಕಿಯಲ್ಲಿ, ಎಂದರೆ ಬಣ್ಣ ಹಚ್ಚುವ ಬಿಡಾರದಲ್ಲಿ, ವೇಷಧಾರಿಯು ಅವರೊಡನೆ ಜಗಳ ತೆಗೆಯಬಹುದು. ತಡೆದವರೂ ಅದೇ ರಾತ್ರಿ ಅದೇ ಆಟವನ್ನು ಕೊನೆಯ ಪದ್ಯದವರೆಗೆ ದಡ ಸೇರಿಸಬೇಕು. ನ್ಯಾಯವಾದ ಅಂಕೆಯ ಲಕ್ಷಣಗಳನ್ನು ಹುಡುಕುವವರಿಗೆ ಇವು ಸಾಕು: ಎದುರಿಗಿರುವುದು, ಪೂರ್ಣವನ್ನು ಕಂಡಿರುವುದು, ಮರುಮಾತಿಗೆ ಸಿಗುವುದು. ಕಚೇರಿಯ ಆಜ್ಞೆಯಲ್ಲಿ ಈ ಮೂರರಲ್ಲಿ ಒಂದೂ ಸಾಮಾನ್ಯವಾಗಿ ಇರುವುದಿಲ್ಲ.

ಈ ಚಿತ್ರವನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಹಳದೀಪುರದ ಪಕ್ಕದ ಕರ್ಕಿಯಲ್ಲಿ ಹಾಸ್ಯಗಾರ ಎಂಬುದೇ ಮನೆತನದ ಹೆಸರಾಗಿ ಉಳಿಯುವಷ್ಟು ಯಕ್ಷಗಾನದ ಹಾಸ್ಯಕ್ಕೆ ಘನತೆಯಿದೆ. ಆದರೂ ಹಾಸ್ಯದ ವೇಷ ದುಡಿಯುವ ಜಾತಿಗಳ ಮಾತಿನ ಧಾಟಿಯನ್ನು ಅಣಕಿಸಿ ನಗಿಸಿದ ರಾತ್ರಿಗಳಿಗೆ ಲೆಕ್ಕವಿಲ್ಲ, ಮತ್ತು ತಾಳ ಹಿಡಿದ ಕೈ ಬಹುಕಾಲ ಅಣಕಿಸಿಕೊಂಡ ಜಾತಿಯದಾಗಿರಲಿಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ನಿಂತು ನೋಡಿದವನ ಬೇಸರ ಭಾಗವತರವರೆಗೆ ಹೇಗೆ ಮುಟ್ಟಬೇಕು? ಇಲ್ಲಿ ಕಲೆಯ ಒಳಗಿನ ಅಂಕೆ ಸಾಲದು, ಹೊರಗಿನ ಕಾನೂನು ಬೇಕೆಂದು ಒಪ್ಪಲೇಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಸಾರ್ವಜನಿಕರೆದುರು ಉದ್ದೇಶಪೂರ್ವಕ ಅವಮಾನವನ್ನು ಶಿಕ್ಷಾರ್ಹಗೊಳಿಸಿದಾಗ ಕಲೆಯ ಹೆಸರಿನಲ್ಲಿ ಅದಕ್ಕೆ ವಿನಾಯಿತಿ ಕೇಳುವುದು ನಾಚಿಕೆಗೇಡು. ಆದರೆ ಇದೂ ಪೂರ್ವನಿಯಂತ್ರಣವಲ್ಲ. ನೊಂದ ವ್ಯಕ್ತಿ ಮುಂದೆ ಬಂದು ಇಂಥ ಮಾತು, ಇಂಥ ರಾತ್ರಿ, ಇಂಥವರ ಬಾಯಿಂದ ಎಂದು ತೋರಿಸುತ್ತಾನೆ. ಆಡಿದವನಿಗೆ ಉತ್ತರಿಸಲು ಅವಕಾಶವಿದೆ. ಮನುಷ್ಯನೊಬ್ಬನ ಮಾನ ಮತ್ತು ಸಮುದಾಯವೊಂದರ ಭಾವನೆ, ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆನ್ನಲು ಕಾರಣವೂ ಇದೇ: ಮೊದಲನೆಯದಕ್ಕೆ ಸಾಕ್ಷಿ ಇರುತ್ತದೆ, ಎರಡನೆಯದಕ್ಕೆ ಇರುವುದು ವಕ್ತಾರರು ಮಾತ್ರ.

ದೇವರ ಮಾನದ ಪ್ರಶ್ನೆ ಇನ್ನೂ ಸೂಕ್ಷ್ಮ. ಇಲ್ಲಿ ಆಟ ಅನೇಕ ವೇಳೆ ಹರಕೆ. ಬೇಡಿಕೊಂಡದ್ದು ಕೈಗೂಡಿದ್ದಕ್ಕೆ ದೇವರಿಗೆ ಸಲ್ಲಿಸುವ ಸೇವೆ. ಹೀಗೆ ದೇವರಿಗೇ ಅರ್ಪಿಸಿದ ಆಟದಲ್ಲಿ ರಾಜಸೂಯದ ಕಥೆ ನಡೆದರೆ ಶಿಶುಪಾಲನು ಕೃಷ್ಣನನ್ನು ಗೊಲ್ಲ, ಕಳ್ಳ, ರಣಹೇಡಿ ಎಂದು ಮನದಣಿಯೆ ಬೈಯುತ್ತಾನೆ. ಬೈಗುಳ ಮೊನಚಾದಷ್ಟೂ ವೇಷ ಗೆದ್ದಿತೆಂದು ಭಕ್ತರೇ ಮೆಚ್ಚುತ್ತಾರೆ. ವೇಷ, ಕುಣಿತಗಳಿಲ್ಲದೆ ಮಾತಿನಲ್ಲಿಯೇ ನಡೆಯುವ ತಾಳಮದ್ದಳೆಯಲ್ಲಂತೂ ಕೃಷ್ಣಸಂಧಾನದ ಕೌರವನಿಗೆ ಕೃಷ್ಣನನ್ನು ನಿರುತ್ತರಗೊಳಿಸುವ ವಾದ ಸಿಕ್ಕಿದರೆ ಅವನನ್ನು ತಡೆಯುವವರಿಲ್ಲ. ಇದರ ಹಿಂದೆ ವಿರೋಧಭಕ್ತಿ ಎಂಬ ತತ್ತ್ವವಿದೆ: ವೈಕುಂಠದ ದ್ವಾರಪಾಲಕರಾದ ಜಯವಿಜಯರು ಶಿಶುಪಾಲನಂಥ ಹಗೆಗಳಾಗಿ ಹುಟ್ಟಿ, ದ್ವೇಷದಿಂದಲೇ ದೇವರನ್ನು ಎಡೆಬಿಡದೆ ನೆನೆದು, ಅವನನ್ನೇ ಸೇರಿದರೆಂಬ ಭಾಗವತ ಪುರಾಣದ ನಂಬಿಕೆ. ನಿಂದೆಯನ್ನು ಕೇಳಿಸಿಕೊಂಡೂ ಕರಗದ ದೇವರು ಮಾತ್ರ ದೇವರು ಎಂಬ ಧೈರ್ಯ ಈ ತತ್ತ್ವದ್ದು. ಈಗ ಮೊಬೈಲಿನಲ್ಲಿ ಹರಿದಾಡುವ ಅರ್ಧ ನಿಮಿಷದ ತುಣುಕಿಗೆ ಶಿಶುಪಾಲನ ಬಾಯಿ ಮಾತ್ರ ಸಿಗುತ್ತದೆ, ನೂರೊಂದನೆಯ ಬೈಗುಳದ ಮೇಲೆ ಹೊರಟ ಕೃಷ್ಣನ ಚಕ್ರ ಸಿಗುವುದಿಲ್ಲ. ಪೂರ್ಣವನ್ನು ನೋಡದ ಕಣ್ಣಿಗೆ ಭಕ್ತಿಯೂ ದೂಷಣೆಯಾಗಿಯೇ ತೋರುವುದು.

ಸ್ವತಂತ್ರ ಭಾರತದಲ್ಲಿ ಕನ್ನಡದ ಅತ್ಯಂತ ಬೋಧಪ್ರದ ಪ್ರಕರಣ 'ಸಂಸ್ಕಾರ'ದ್ದು. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ 1970ರಲ್ಲಿ ತಡೆಹಿಡಿಯಿತು; ಅಗ್ರಹಾರದ ಜಾತಿನಿಷ್ಠೆಯ ಮೇಲಿನ ಟೀಕೆಯಿಂದ ಉದ್ವೇಗ ಉಂಟಾದೀತೆಂಬುದು ಭೀತಿ. ದೆಹಲಿಯ ಮಟ್ಟದಲ್ಲಿ ತಡೆ ತೆರವಾಗಿ ಚಿತ್ರ ಬಿಡುಗಡೆಯಾಯಿತು, ಆ ವರ್ಷದ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಊಹಿಸಿದ ಬೆಂಕಿ ಎಲ್ಲಿಯೂ ಹತ್ತಲಿಲ್ಲ. ಕಥಾನಾಯಕ ಪ್ರಾಣೇಶಾಚಾರ್ಯನ ಪಾತ್ರ ವಹಿಸಿ ಚಿತ್ರಕಥೆಯನ್ನೂ ಬರೆದ ಗಿರೀಶ ಕಾರ್ನಾಡರು ಘಟ್ಟದ ಮೇಲಣ ಶಿರಸಿಯಲ್ಲಿ ಯಕ್ಷಗಾನ ನೋಡುತ್ತ ಬೆಳೆದವರು. ಪೂಜ್ಯರಾದವರ ಇಬ್ಬಂದಿಯನ್ನು ರಂಗದ ಮೇಲೆ ಬಿಚ್ಚಿಡುವುದು ಅವರು ಹೊರಗಿನಿಂದ ಕಲಿತು ತಂದ ಉದ್ಧಟತನವೆಂದು ಹೇಳಲು ಬರುವುದಿಲ್ಲ.

ಗ್ರಂಥಗಳ ವಿಷಯದಲ್ಲಿ ಕರ್ನಾಟಕದ ದಾಖಲೆ ಅಷ್ಟು ಸುಖಾಂತವಲ್ಲ. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, 1997ರಲ್ಲಿ ಅದೇ ರಾಜ್ಯದ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಮಾತೆ ಮಹಾದೇವಿಯವರ 'ಬಸವ ವಚನ ದೀಪ್ತಿ'ಯದು ಬೇರೆ ಜಾತಿಯ ಪ್ರಕರಣ. ಬಸವಣ್ಣನವರ ವಚನಗಳ ಅಂಕಿತವನ್ನು, ಎಂದರೆ ಕೊನೆಯಲ್ಲಿ ಬರುವ ಇಷ್ಟದೈವದ ಮುದ್ರೆಯನ್ನು, ಕೂಡಲಸಂಗಮದೇವ ಇದ್ದಲ್ಲಿ ಲಿಂಗದೇವ ಎಂದು ಬದಲಿಸಿದ ಆ ಪುಸ್ತಕ 1998ರಲ್ಲಿ ನಿಷೇಧಗೊಂಡು, 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ನಿಷೇಧವೇ ಉಳಿಯಿತು. ಇಲ್ಲಿ ದೂರು ಕಲ್ಪನೆಯ ವಿರುದ್ಧವಾಗಿರಲಿಲ್ಲ, ಇನ್ನೊಬ್ಬರ ಮಾತನ್ನು ತಿದ್ದಿದ್ದರ ವಿರುದ್ಧವಾಗಿತ್ತು, ಅದಕ್ಕೆ ಆಧಾರವಿತ್ತು. ಆದರೂ ಪಾಠವನ್ನು ತಿದ್ದಲಾಗಿದೆ ಎಂದು ಮುಖಪುಟದಲ್ಲಿ ಅಚ್ಚುಹಾಕಿಸಿದ್ದರೆ ತೀರುತ್ತಿದ್ದ ಕೆಲಸಕ್ಕೆ ಮುಟ್ಟುಗೋಲಿನ ಖಡ್ಗ ಬೇಕಿತ್ತೇ ಎಂಬ ಸಂದೇಹ ಉಳಿಯುತ್ತದೆ. ಈ ಎರಡು ಆಜ್ಞೆಗಳ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು: ಮುಟ್ಟುಗೋಲಿಗೆ ಸರ್ಕಾರ ಕಾರಣಗಳನ್ನು ಬರೆದು ಕೊಡಬೇಕು, ಹಿತಾಸಕ್ತಿಯುಳ್ಳ ಯಾರಾದರೂ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಪುಸ್ತಕದಂಗಡಿಯ ಮುಂದೆ ಜನ ಸೇರಿಸಿ, ಆಯೋಜಕರಿಗೆ ದೂರವಾಣಿ ಮಾಡಿ, ಸಭಾಂಗಣದ ಅನುಮತಿಯನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆಸುವ ನಿಷೇಧಕ್ಕೆ ಕಾರಣವೂ ಇಲ್ಲ, ಮೇಲ್ಮನವಿಯೂ ಇಲ್ಲ, ಮತ್ತು ಈಗ ಹೆಚ್ಚಾಗಿ ನಡೆಯುವುದು ಅದೇ.

ಭಟ್ಕಳ ಹೊನ್ನಾವರಗಳಲ್ಲಿ ಲೋಕಹಿತವೆಂಬುದು ಪುಸ್ತಕದ ಪದವಾಗಿ ಉಳಿದಿಲ್ಲ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ನಡೆದ ಗಲಭೆಯೂ ಅದರ ವಿಚಾರಣೆಗೆ ನೇಮಕವಾದ ಜಗನ್ನಾಥ ಶೆಟ್ಟಿ ಆಯೋಗವೂ ಹಿರಿಯರ ನೆನಪಿನಲ್ಲಿವೆ. ಅಂಥ ಊರಿನ ಪೊಲೀಸ್ ಅಧಿಕಾರಿ ಪ್ರದರ್ಶನವೊಂದಕ್ಕೆ ಅನುಮತಿ ಕೊಡುವ ಮುನ್ನ ಎರಡು ಬಾರಿ ಯೋಚಿಸಿದರೆ ಅವನನ್ನು ಹೇಡಿಯೆಂದು ಹಳಿಯುವುದು ದೂರದಲ್ಲಿರುವವರಿಗೆ ಸುಲಭ. ಬೀದಿ ಇಕ್ಕಟ್ಟಾಗಿರುವಲ್ಲಿ, ಮೆರವಣಿಗೆಯ ಹೊತ್ತಿಗೆ, ನೆರೆಯವರನ್ನು ಹೊಡೆಯಿರಿ ಎನ್ನುವ ಅರ್ಥದ ಸ್ತಬ್ಧಚಿತ್ರವನ್ನು ಅವರ ಮನೆಬಾಗಿಲಲ್ಲೇ ನಿಲ್ಲಿಸುವುದಾದರೆ ಅದನ್ನು ಅಲ್ಲಿ, ಆ ಹೊತ್ತಿನಲ್ಲಿ ತಡೆಯುವುದು ಸರಿಯೆಂದೇ ಹೇಳಬೇಕು. ಅಲ್ಲಿ ತಡೆಗೊಳಗಾಗುವುದು ಕಲೆಯ ವೇಷ ತೊಟ್ಟ ಹಲ್ಲೆ. ಇದರಾಚೆಗೆ, ಪ್ರದರ್ಶನ ಹಿಂಸೆಗೆ ಕರೆಕೊಡದೆ ಇದ್ದು, ಅದನ್ನು ಸಹಿಸದವರು ಹಿಂಸೆಯ ಬೆದರಿಕೆ ಹಾಕುತ್ತಿದ್ದರೆ, ಕಾನೂನಿನ ಕೈ ಯಾರತ್ತ ಚಾಚಬೇಕೆಂಬುದನ್ನು 1989ರಲ್ಲಿ ಎಸ್. ರಂಗರಾಜನ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ತಿಳಿಯಾಗಿ ಹೇಳಿದೆ: ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಅಡಗಿಸುವುದು ರಾಜ್ಯದ ಕೆಲಸವಲ್ಲ, ಅಪಾಯ ಅಭಿವ್ಯಕ್ತಿಗೆ ನೇರವಾಗಿ ಅಂಟಿಕೊಂಡಿರಬೇಕು. ಜರ್ಜರವನ್ನು ಇಂದ್ರ ನಟರ ಮೇಲೆ ಬೀಸಲಿಲ್ಲ. ಅಧಿಕಾರದ ಕಿವಿಗೆ ಹಿತವಾಗುವುದನ್ನೇ ಲೋಕಹಿತವೆಂದು ಕರೆಯುವ ಅಭ್ಯಾಸಕ್ಕೆ ಹಳೆಯ ಉದಾಹರಣೆ ಇದೇ ಕರಾವಳಿಯ ದಾರಿಯಲ್ಲಿದೆ: ಹಳದೀಪುರದ ಮೊದಲ ಹೆಸರು ಹಂದಿಪುರವೆಂದೂ ಅದು ಸೇರದೆ ಹೈದರಾಲಿ ಈಗಿನ ಹೆಸರಿಟ್ಟನೆಂದೂ 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ.

1876ರ ಕಾಯ್ದೆಯನ್ನು ಅಲಹಾಬಾದ್ ಹೈಕೋರ್ಟ್ 1956ರಲ್ಲಿಯೇ ಸಂವಿಧಾನಬಾಹಿರವೆಂದಿತು; ಕಾನೂನು ಪುಸ್ತಕದಿಂದ ಅದನ್ನು ಸಂಸತ್ತು ತೆಗೆದದ್ದು 2018ರಲ್ಲಿ. ಮೈಸೂರು ರಾಜ್ಯ 1964ರಲ್ಲಿ ಮಾಡಿಕೊಂಡ ತನ್ನದೇ ನಾಟಕ ಪ್ರದರ್ಶನ ಕಾಯ್ದೆ ಬೇರೆ. ಇವು ಯಾವುವೂ ಯಕ್ಷಗಾನವನ್ನು ಬದಲಿಸಲಿಲ್ಲ. ಬದಲಿಸಿದ್ದು ವಸ್ತುವಿನ ಗೊಡವೆಗೇ ಹೋಗದ 2000ದ ಶಬ್ದಮಾಲಿನ್ಯ ನಿಯಮ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ ಈ ನಿಯಮ, ಹಬ್ಬಗಳಿಗೆ ವರ್ಷದಲ್ಲಿ ಹದಿನೈದು ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಟ್ಟರೂ, ಬೆಳಗಿನವರೆಗಿನ ಆಟಕ್ಕೆ ಒಗ್ಗುವುದಿಲ್ಲ. ಜನರ ನಿದ್ದೆ, ದುಡಿಮೆಗಳ ಒತ್ತಡದಿಂದ ಮೊದಲೇ ಶುರುವಾಗಿದ್ದ ಕಾಲಮಿತಿಯ ಆಟ, ಎಂದರೆ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಸುವ ಪ್ರದರ್ಶನ, ಇದರಿಂದ ಇನ್ನಷ್ಟು ಬೇರೂರಿತು. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಕಟೀಲು ಮೇಳಗಳು, ಎಂದರೆ ಆಟದ ತಂಡಗಳು, 2022ರಲ್ಲಿ ಕಾಲಮಿತಿಗೆ ಹೊರಳಲು ನಿರ್ಧರಿಸಿದಾಗ ಭಕ್ತರಿಂದ ವಿರೋಧವೂ ಎದ್ದಿತು. ಪಕ್ಕದ ಮನೆಯ ರೋಗಿಯ ನಿದ್ದೆ ಲೋಕಹಿತವೇ, ಯಾರ ವಿಚಾರದ ಮೇಲೂ ಅದು ತೀರ್ಪು ಕೊಡುವುದಿಲ್ಲ, ಆದ್ದರಿಂದ ತತ್ತ್ವದ ದೃಷ್ಟಿಯಿಂದ ಈ ಅಂಕೆಗೆ ಆಕ್ಷೇಪ ಹೇಳುವುದು ಕಷ್ಟ. ರಂಗದ ದೃಷ್ಟಿಯಿಂದ ಲೆಕ್ಕ ಬೇರೆ. ಸಮಯ ಕಡಿಮೆಯಾದಾಗ ಕುಣಿತವನ್ನೋ ಪದ್ಯವನ್ನೋ ಬಿಡಲಾಗದೆ ಭಾಗವತರು ಮೊದಲು ಮೊಟಕು ಮಾಡುವುದು ಮಾತನ್ನು, ಮಾತಿನಲ್ಲಿಯೂ ಕಥೆ ಸಾಗಲು ಬೇಕಿಲ್ಲದ ವಾದವನ್ನು. ಕೌರವನ ಸಮರ್ಥನೆ, ಶಿಶುಪಾಲನ ಆಕ್ಷೇಪಗಳು ಯಾರೂ ನಿಷೇಧಿಸದೆ ಹೀಗೆ ಸಣ್ಣದಾಗುತ್ತಿವೆ. ಇದು ಸರಿಯೇ ಎಂದು ಹಿರಿಯ ಅರ್ಥಧಾರಿಗಳೂ ಮೇಳದ ಯಜಮಾನರೂ ಈಗಲೂ ಜಗಳವಾಡುತ್ತಿದ್ದಾರೆ.